ಪೇಟೆಬೀದಿಯ ಹಳೆಯ ಪುರಸಭಾ ಕಟ್ಟಡ ಊರಿನ ಇತಿಹಾಸ ಕೇಂದ್ರವಾಗಬಹುದೇ?

ಪ್ರಶ್ನೆ: ನಮ್ಮದು ಹಳೆ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರ. ಪೇಟೆಬೀದಿಯ ನಡುವೆ ಪುರಸಭೆಯ ಹಳೆಯ ಕಚೇರಿ ಇದೆ. ಎರಡು ಅಂತಸ್ತು, ಮುಂದೆ ಕಮಾನುಗಳ ಜಗಲಿ, ಮೇಲೆ ಮದ್ರಾಸ್ ತಾರಸಿ. ಪುರಸಭೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಇದಕ್ಕೆ ಬೀಗ ಬಿದ್ದಿದೆ. ಈಗ ಇದನ್ನು ಒಡೆದು ವಾಣಿಜ್ಯ ಸಂಕೀರ್ಣ ಕಟ್ಟುವ ಮಾತು ಕೇಳಿಬರುತ್ತಿದೆ. ನಿವೃತ್ತ ಶಿಕ್ಷಕರು, ವರ್ತಕರು ಸೇರಿ ನಾವು ಕೆಲವರು ಇದನ್ನು ಊರಿನ ಇತಿಹಾಸ ಕೇಂದ್ರ ಮಾಡಬೇಕೆಂದಿದ್ದೇವೆ. ಕಟ್ಟಡ ತಾಳುತ್ತದೆಯೇ? ಎಲ್ಲಿಂದ ಆರಂಭಿಸಬೇಕು? ಒಳಗೆ ಏನಿಡಬೇಕು? ಹಣ ಎಲ್ಲಿಂದ ತರಬೇಕು?

ಉತ್ತರ: ನೀವು ಕೇಳಿರುವ ನಾಲ್ಕು ಪ್ರಶ್ನೆಗಳಿಗೂ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ದುರಸ್ತಿಯೆಲ್ಲ ಮುಗಿದು, ಉದ್ಘಾಟನೆಯೂ ಆದ ಮೇಲೆ, ಮೂರನೆಯ ವರ್ಷದ ಒಂದು ಸಾಮಾನ್ಯ ಮಂಗಳವಾರ ಬೆಳಿಗ್ಗೆ ಆ ಬಾಗಿಲನ್ನು ಯಾರು ತೆರೆಯುತ್ತಾರೆ, ಯಾವ ಕೆಲಸಕ್ಕಾಗಿ ಜನ ಒಳಗೆ ಬರುತ್ತಾರೆ? ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವ ನನ್ನಂಥವರು ಮತ್ತೆ ಮತ್ತೆ ಕಂಡಿರುವುದೇನೆಂದರೆ, ದುರಸ್ತಿಗೆ ಒಂದು ಸಲ ಹಣ ಹೊಂದಿಸುವುದು ಕಷ್ಟವಾದರೂ ಸಾಧ್ಯ, ಆದರೆ ದಿನನಿತ್ಯದ ಬಳಕೆ ಮತ್ತು ವರ್ಷವರ್ಷದ ಆರೈಕೆ ಇಲ್ಲದ ಕಟ್ಟಡ ಎಷ್ಟೇ ಚೆನ್ನಾಗಿ ದುರಸ್ತಿಯಾಗಿದ್ದರೂ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸವನ್ನೇ ನೋಡಿ. 1905ರಲ್ಲಿ ರಾಜಕುಮಾರಿಗಾಗಿ ಕಟ್ಟಿದ ಆ ಭವನದಲ್ಲಿ ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವಿದೆ. ಅದರ ಸಂಗ್ರಹಕ್ಕೆ ಸಾಟಿಯಾದದ್ದು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. 2000ರ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಅದರ ದುರಸ್ತಿ ನಡೆಯಿತು. ಹಾಗಿದ್ದೂ ಎರಡು ದಶಕ ಕಳೆಯುವಷ್ಟರಲ್ಲಿ ಮತ್ತೊಮ್ಮೆ ದೊಡ್ಡ ದುರಸ್ತಿ ಅನಿವಾರ್ಯವಾಯಿತು. ವಿಶ್ವವಿದ್ಯಾಲಯದ ಆಶ್ರಯವಿರುವ ಕಟ್ಟಡಕ್ಕೇ ಹೀಗಾಗುವುದಾದರೆ, ತಾಲ್ಲೂಕು ಕೇಂದ್ರದ ಪುರಸಭಾ ಕಟ್ಟಡದ ವಿಷಯದಲ್ಲಿ ಇನ್ನೂ ಹೆಚ್ಚು ಮುಂದಾಲೋಚನೆ ಬೇಕು.

ಆದುದರಿಂದ ನನ್ನ ಸಲಹೆ ಇದು: ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಸಂಗ್ರಹಾಲಯವೆಂದು ಇದನ್ನು ಯೋಚಿಸಬೇಡಿ. ಊರಿನವರು ತಮ್ಮಲ್ಲಿರುವುದನ್ನು ತಂದುಕೊಡುವ, ತಮಗೆ ಬೇಕಾದುದನ್ನು ಹುಡುಕಿಕೊಂಡು ಬರುವ ಜಾಗವಾಗಿ ಯೋಚಿಸಿ. ಅಜ್ಜನ ಕಾಲದ ಮನೆಯ ಖಾತೆ ಯಾವ ಹೆಸರಿನಲ್ಲಿತ್ತು, ಕೆರೆಯ ಕೋಡಿ ಮೊದಲು ಎಲ್ಲಿತ್ತು, ತಮ್ಮ ಬೀದಿಗೆ ಆ ಹೆಸರು ಯಾರಿಂದ ಬಂತು ಎಂದು ಕೇಳಿಕೊಂಡು ಬರುವ ಜನ ಪ್ರತಿ ಊರಿನಲ್ಲಿಯೂ ಇದ್ದಾರೆ. ಸಂಗ್ರಹಾಲಯವನ್ನು ಒಬ್ಬರು ಒಮ್ಮೆ ನೋಡಿ ಹೋಗುತ್ತಾರೆ, ಮತ್ತೆ ಬರುವುದು ಮನೆಗೆ ನೆಂಟರು ಬಂದಾಗ ಮಾತ್ರ. ಹುಡುಕಾಟಕ್ಕೆ ಬರುವವರು ಮತ್ತೆ ಮತ್ತೆ ಬರುತ್ತಾರೆ.

ಇದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ ದೂರದ ದಕ್ಷಿಣ ಆಫ್ರಿಕಾದ್ದು. ಕೇಪ್‌ಟೌನ್ ನಗರದ ನಡುವೆ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇತ್ತು. 1966ರಲ್ಲಿ ವರ್ಣಭೇದ ಸರ್ಕಾರ ಅದನ್ನು ಬಿಳಿಯರಿಗೆ ಮಾತ್ರ ಮೀಸಲೆಂದು ಸಾರಿ, ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಹೊರಹಾಕಿ ಮನೆಗಳನ್ನು ನೆಲಸಮ ಮಾಡಿತು. 1994ರ ಡಿಸೆಂಬರ್‌ನಲ್ಲಿ, ಅಲ್ಲಿಯ ಬ್ಯೂಟೆನ್‌ಕಾಂಟ್ ಬೀದಿಯ ಹಳೆಯ ಮೆಥಡಿಸ್ಟ್ ಚರ್ಚೊಂದರಲ್ಲಿ ಆ ಬಡಾವಣೆಯ ನೆನಪಿನ ಸಂಗ್ರಹಾಲಯ ಆರಂಭವಾಯಿತು. ಅವರು ದುಬಾರಿ ವಸ್ತುಗಳನ್ನು ಹುಡುಕಲಿಲ್ಲ. ಚರ್ಚಿನ ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆಯನ್ನು ಬಿಡಿಸಿ ಹಾಸಿದರು, ಹಳೆಯ ನಿವಾಸಿಗಳು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದರು. ನೆಲಸಮದ ಕೆಲಸ ಮಾಡಿಸಿದ್ದ ವ್ಯಕ್ತಿಯೊಬ್ಬ ಎಸೆಯದೆ ಇಟ್ಟುಕೊಂಡಿದ್ದ ಬೀದಿಗಳ ನಾಮಫಲಕಗಳನ್ನು ತೂಗುಹಾಕಿದರು. ಉದ್ದನೆಯ ಬಟ್ಟೆಯ ಮೇಲೆ ಬಂದವರು ತಮ್ಮ ಮಾತು ಬರೆದರು, ಅದರ ಮೇಲೆ ಕಸೂತಿ ಹಾಕಲಾಯಿತು. ನಿಮ್ಮ ಊರಿನಲ್ಲಿ ಅಂಥ ಕ್ರೌರ್ಯ ನಡೆದಿಲ್ಲದಿರಬಹುದು. ಆದರೂ ಪುರಸಭೆಯ ಸಭಾಂಗಣದ ನೆಲದ ಮೇಲೆ ಊರಿನ ಹಳೆಯ ಸರ್ವೆ ನಕ್ಷೆಯನ್ನು ದೊಡ್ಡದಾಗಿ ಹಾಸಿ, ಅಳಿದುಹೋದ ಕಲ್ಯಾಣಿ, ಗರಡಿಮನೆ, ಎಣ್ಣೆಗಾಣ, ಟೂರಿಂಗ್ ಟಾಕೀಸುಗಳನ್ನು ಊರಿನವರಿಂದಲೇ ಗುರುತು ಮಾಡಿಸಿದರೆ ಅದೇ ನಿಮ್ಮ ಮೊದಲ ಪ್ರದರ್ಶನವಾಗುತ್ತದೆ, ಖರ್ಚೂ ಹೆಚ್ಚಿಲ್ಲ.

ಇನ್ನು ಕಟ್ಟಡದ ವಿಷಯ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ತಪ್ಪುಗಳು ಹೆಚ್ಚು ನಡೆಯುವುದು ಇಲ್ಲಿಯೇ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು, ಅದೂ ನವೀಕರಣದ ಕೆಲಸ ನಡೆಯುತ್ತಿದ್ದಾಗ. ಆದುದರಿಂದ ಹಳೆಯದೆಂಬ ಪ್ರೀತಿಯಿಂದ ಅಪಾಯವನ್ನು ಕಡೆಗಣಿಸುವುದು ಸರಿಯಲ್ಲ. ಹಾಗೆಯೇ ಒಂದು ಬಿರುಕು ಕಂಡ ಕೂಡಲೇ ಒಡೆಯಬೇಕೆಂದು ಹೇಳುವವರ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದು. ಬಿರುಕು ಹಳೆಯದಾಗಿ ನಿಂತುಹೋಗಿದೆಯೇ ಅಥವಾ ಈಗಲೂ ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಅದನ್ನು ತಿಳಿಯುವ ಸರಳ ವಿಧಾನವೆಂದರೆ, ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು ಎರಡು ತುದಿಗಳನ್ನೂ ಗೋಡೆಗೆ ಭದ್ರವಾಗಿ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯುವುದು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೂ ಗಾಜು ಹಾಗೆಯೇ ಇದ್ದರೆ ಗೋಡೆ ನೆಲೆನಿಂತಿದೆ ಎಂದರ್ಥ. ಗಾಜು ಒಡೆದಿದ್ದರೆ ಅಡಿಪಾಯವನ್ನು ನೋಡಬೇಕು, ಹತ್ತಿರದಲ್ಲಿ ಚರಂಡಿ ಸೋರುತ್ತಿದೆಯೇ, ಹೊಸದಾಗಿ ಕೊಳವೆಬಾವಿ ಅಥವಾ ನೆಲಮಾಳಿಗೆ ಅಗೆದಿದ್ದಾರೆಯೇ ಎಂದು ವಿಚಾರಿಸಬೇಕು.

ತೇಗದ ತೊಲೆಗಳನ್ನು ಪರೀಕ್ಷಿಸುವಾಗ ನಡುಭಾಗವನ್ನು ನೋಡಿ ಸಮಾಧಾನಪಡಬೇಡಿ. ತೊಲೆ ಕೆಡುವುದು ಗೋಡೆಯೊಳಗೆ ಸೇರುವ ತುದಿಯಲ್ಲಿ, ಏಕೆಂದರೆ ಗೋಡೆಗಿಳಿದ ನೀರು ಅಲ್ಲಿ ನಿಲ್ಲುತ್ತದೆ, ಗೆದ್ದಲೂ ಅಲ್ಲಿಂದಲೇ ಏರುತ್ತದೆ. ಸಣ್ಣ ಸುತ್ತಿಗೆಯಿಂದ ತುದಿಯ ಹತ್ತಿರ ತಟ್ಟಿದರೆ ಗಟ್ಟಿಮರ ಖಣಿಲೆನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ಸದ್ದು ಮಂದವಾಗುತ್ತದೆ. ಸಂಶಯವಿದ್ದಲ್ಲಿ ಚೂಪಾದ ದಬ್ಬಳವನ್ನು ಚುಚ್ಚಿದರೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದೇ ಉತ್ತರ ಹೇಳುತ್ತದೆ. ಎಲ್ಲ ತೊಲೆಗಳಿಗೂ ಸಂಖ್ಯೆ ಕೊಟ್ಟು, ನಕ್ಷೆಯಲ್ಲಿ ಗುರುತಿಸಿ, ಒಂದೊಂದರ ಸ್ಥಿತಿಯನ್ನೂ ಬರೆದಿಡಿ. ತುದಿ ಮಾತ್ರ ಕೆಟ್ಟಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ಮರವನ್ನು ಬೆಸೆಯಬಹುದು ಅಥವಾ ಕಬ್ಬಿಣದ ಆಸರೆ ಕೊಡಬಹುದು. ಇಡೀ ಚಾವಣಿಯನ್ನು ಕಿತ್ತು ಕಾಂಕ್ರೀಟ್ ಹಾಕುವ ಅಗತ್ಯ ಬರುವುದು ಅಪರೂಪ.

ಮದ್ರಾಸ್ ತಾರಸಿಯ ರಚನೆ ಗೊತ್ತಿದ್ದರೆ ಅದರ ದುರಸ್ತಿಯ ದಾರಿಯೂ ತಿಳಿಯುತ್ತದೆ. ತೊಲೆಗಳ ಮೇಲೆ ಜಂತೆಗಳು, ಜಂತೆಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಗಾರೆಯಲ್ಲಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಬೆರೆಸಿದ ದಪ್ಪ ಪದರ ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಾರೆ. ಕೊಡತಿ ಪುಟಿದು ಮೇಲೇಳುವವರೆಗೆ ಬಡಿಯಬೇಕೆಂಬುದು ಹಳೆಯ ಗಾರೆಯವರ ಅಳತೆ. ಎಲ್ಲಕ್ಕಿಂತ ಮೇಲೆ ಚಪ್ಪಟೆ ಹೆಂಚುಗಳ ಹೊದಿಕೆ. ಇಂಥ ಚಾವಣಿ ಸೋರಲು ಶುರುವಾದಾಗ ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಮೇಲೊಂದು ಸಿಮೆಂಟ್ ಪದರ ಬಳಿಯುವುದು. ಕೆಲವು ವರ್ಷಗಳ ನಂತರ ಅದೂ ಬಿರುಕು ಬಿಟ್ಟಾಗ ಅದರ ಮೇಲೆ ಇನ್ನೊಂದು. ಹೀಗೆ ತೊಲೆಗಳ ಮೇಲಿನ ಭಾರ ಹೆಚ್ಚುತ್ತ ಹೋಗುತ್ತದೆ, ಬಿರುಕಿನಿಂದ ಇಳಿದ ನೀರು ಮೇಲಕ್ಕೆ ಆವಿಯಾಗಿ ಹೋಗಲಾಗದೆ ಮರಕ್ಕೆ ಇಳಿಯುತ್ತದೆ. ನಿಮ್ಮ ಕಟ್ಟಡದಲ್ಲೂ ಇಂಥ ಪದರಗಳಿದ್ದರೆ ಮೊದಲು ಎಚ್ಚರಿಕೆಯಿಂದ ಅವನ್ನು ತೆಗೆಸಿ. ನೀರು ಹೊರಹೋಗುವ ಕೊಳವೆಗಳನ್ನು ಬಿಡಿಸಿ, ಇಳಿಜಾರನ್ನು ಸರಿಪಡಿಸಿ, ಗೋಡೆಯ ಸಂದಿಯಲ್ಲಿ ಬೇರೂರಿದ ಅರಳಿ, ಅತ್ತಿಯ ಸಸಿಗಳನ್ನು ಬೇರು ಸಹಿತ ತೆಗೆಸಿ. ಸಸಿಯನ್ನು ಬರೀ ಕತ್ತರಿಸಿದರೆ ಅದು ಮತ್ತೆ ಚಿಗುರುತ್ತದೆ. ಬೇರೆ ಏನೂ ಮಾಡಲು ಹಣವಿಲ್ಲದಿದ್ದರೂ ಮುಂದಿನ ಮಳೆಗಾಲದ ಒಳಗೆ ಇಷ್ಟನ್ನು ಮಾಡಿಸಿದರೆ ಕಟ್ಟಡದ ಆಯುಷ್ಯ ಹೆಚ್ಚುತ್ತದೆ.

ಗೋಡೆಗಳ ವಿಷಯದಲ್ಲಿಯೂ ಇದೇ ಮಾತು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ನೆಲದಿಂದ ಸ್ವಲ್ಪ ತೇವವನ್ನು ಹೀರಿ ಮೈಯ ಮೂಲಕ ಹೊರಬಿಡುತ್ತಲೇ ಇರುತ್ತದೆ. ಅದಕ್ಕೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಉಳಿದು, ಉಪ್ಪು ಮೂಡಿ, ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಕಟ್ಟಡಕ್ಕೆ ಸುಣ್ಣದ್ದೇ ದುರಸ್ತಿ ಬೇಕು. ಟೆಂಡರಿನ ದರಪಟ್ಟಿಯಲ್ಲಿ ಸಿಮೆಂಟ್ ಕೆಲಸವನ್ನಷ್ಟೇ ನಮೂದಿಸಿ, ಕೊನೆಗೆ ಗುತ್ತಿಗೆದಾರರನ್ನು ದೂರುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಸುಣ್ಣವನ್ನು ಎಷ್ಟು ದಿನ ನೆನೆಸಿರಬೇಕು, ಇಟ್ಟಿಗೆ ಪುಡಿಯ ಪ್ರಮಾಣವೆಷ್ಟು, ಮಾದರಿ ಗೋಡೆಯ ಮೇಲೆ ಎಷ್ಟು ವಾರ ನೋಡಿ ಒಪ್ಪಿಗೆ ಕೊಡಬೇಕು ಎಂಬುದೆಲ್ಲ ಟೆಂಡರಿನಲ್ಲಿಯೇ ಬರೆದಿರಬೇಕು. ಇದನ್ನು ಸಿದ್ಧಪಡಿಸಲು ಪಾರಂಪರಿಕ ಕಟ್ಟಡಗಳ ಅನುಭವವಿರುವ ವಾಸ್ತುಶಿಲ್ಪಿ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಇಬ್ಬರೂ ಬೇಕು. ಒಬ್ಬರ ವರದಿಯಿಂದ ಕೆಲಸ ಪೂರ್ಣವಾಗುವುದಿಲ್ಲ.

ಬಳಕೆಗೆ ತಕ್ಕಂತೆ ಕೋಣೆಗಳನ್ನು ಹಂಚುವಾಗ ಭಾರವನ್ನು ಲೆಕ್ಕ ಹಾಕಿ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಯ ನೆಲ ಪ್ರತಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರೆ ತಾಳಿದರೆ ಸಾಕು. ಪುಸ್ತಕಗಳ ಕಪಾಟುಗಳನ್ನು ಸಾಲಾಗಿ ನಿಲ್ಲಿಸುವ ಕೋಣೆಗೆ ಕನಿಷ್ಠ ಸುಮಾರು 600 ಕೆ.ಜಿ. ತಾಳುವ ನೆಲ ಬೇಕು. ಮೇಲಿನ ಅಂತಸ್ತಿನ ತೇಗದ ನೆಲದ ಮೇಲೆ ಕಡತಗಳ ಕಬ್ಬಿಣದ ಕಪಾಟುಗಳನ್ನು ಒತ್ತಾಗಿ ಜೋಡಿಸುವುದು ಈ ಕಾರಣಕ್ಕೆ ಅಪಾಯ. ಕಡತಗಳ ಸಂಗ್ರಹ ಕೆಳಗಿರಲಿ, ಆದರೆ ನೆಲದಿಂದ ಒಂದು ಅಡಿಗೂ ಹೆಚ್ಚು ಮೇಲೆ, ಗೋಡೆಗೆ ತಾಗದಂತೆ ಇರಲಿ. ಮೇಲಿನ ಸಭಾಂಗಣ ಓದಲು, ಮಾತುಕತೆಗೆ, ನಕ್ಷೆಯ ಪ್ರದರ್ಶನಕ್ಕೆ ಆಗಲಿ. ಒಟ್ಟಿಗೆ ಎಷ್ಟು ಜನ ಮೇಲೆ ಹೋಗಬಹುದೆಂದು ಎಂಜಿನಿಯರರಿಂದ ಬರೆಸಿಕೊಂಡು ಬಾಗಿಲಲ್ಲಿ ಹಾಕಿ. ಮೆಟ್ಟಿಲು ಹತ್ತಲಾಗದವರು ಮುಖ್ಯ ಪ್ರದರ್ಶನವನ್ನು ಕೆಳಗೇ ನೋಡುವಂತಿರಬೇಕು. ಜಗಲಿಗೆ ಇಳಿಜಾರು ಹಾದಿ ಮಾಡುವಾಗ ಹಳೆಯ ಕಲ್ಲಿನ ಮೆಟ್ಟಿಲನ್ನು ಒಡೆಯದೆ ಪಕ್ಕದಲ್ಲಿ ಮಾಡಿ.

ಬೆಂಕಿಯ ಬಗ್ಗೆ ಎರಡು ಮಾತು. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯ ಸುಟ್ಟುಹೋಯಿತು. 2018ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಸಂಗ್ರಹಾಲಯ ಸುಟ್ಟಿತು, ಅಲ್ಲಿ ಬೆಂಕಿ ಹುಟ್ಟಿದ್ದು ಹವಾನಿಯಂತ್ರಣ ಯಂತ್ರದಿಂದ ಎಂದು ತನಿಖೆ ಹೇಳಿತು. ಹಳೆಯ ವಿದ್ಯುತ್ ತಂತಿಗಳನ್ನು ಪೂರ್ತಿ ತೆಗೆದು ಹೊಸದಾಗಿ ಎಳೆಸಿ, ರಾತ್ರಿ ಹೊರಡುವಾಗ ಒಂದೇ ಸ್ವಿಚ್ಚಿನಿಂದ ಎಲ್ಲವೂ ಆರುವಂತೆ ಮಾಡಿಸಿ. ಎತ್ತರದ ಚಾವಣಿ, ದಪ್ಪ ಗೋಡೆ, ಎದುರುಬದುರು ಕಿಟಕಿಗಳಿರುವ ಆ ಕಟ್ಟಡಕ್ಕೆ ಹವಾನಿಯಂತ್ರಣ ಬೇಕಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಒಳಗೆ ಏನಿಡಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಕಟ್ಟಡದ ಹಿಂದಿನ ಕೋಣೆಯಲ್ಲಿಯೇ ಇರಬಹುದು. ಪುರಸಭೆಗಳು ಹೊಸ ಕಚೇರಿಗೆ ಹೋಗುವಾಗ ಹಳೆಯ ನಡವಳಿ ಪುಸ್ತಕಗಳು, ಕಂದಾಯದ ರಿಜಿಸ್ಟರುಗಳು, ಜನನ ಮರಣ ದಾಖಲೆಗಳು, ಪ್ಲೇಗ್ ಕಾಲದ ಆದೇಶಗಳು, ಮೊದಲ ನಲ್ಲಿ ನೀರು ಮತ್ತು ಬೀದಿದೀಪಗಳ ಪತ್ರವ್ಯವಹಾರ ಇವೆಲ್ಲ ಮೂಟೆಗಳಲ್ಲಿ ಹಿಂದೆ ಉಳಿದುಬಿಡುತ್ತವೆ. ಅವು ರದ್ದಿಗೆ ಹೋಗುವ ಮೊದಲು ಮುಖ್ಯಾಧಿಕಾರಿಗಳಿಗೆ ಬರೆದು, ರಾಜ್ಯ ಪತ್ರಾಗಾರ ಇಲಾಖೆಯ ಮಾರ್ಗದರ್ಶನ ಕೇಳಿ. ಅವು ಸರ್ಕಾರಿ ದಾಖಲೆಗಳಾದ ಕಾರಣ ನೀವೇ ಮನೆಗೆ ಒಯ್ಯುವಂತಿಲ್ಲ. ಪಟ್ಟಿ ಮಾಡುವುದಕ್ಕೂ ಸ್ಕ್ಯಾನ್ ಮಾಡುವುದಕ್ಕೂ ಅನುಮತಿ ಪಡೆಯಬಹುದು.

ಹಳೆ ಮೈಸೂರಿನವರಾದ ನಿಮಗೆ ಇನ್ನೊಂದು ಅನುಕೂಲವಿದೆ. ಶಾಸನ ವಿದ್ವಾಂಸ ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸುತ್ತ ಬಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಸಿಗುತ್ತವೆ. ನಿಮ್ಮ ತಾಲ್ಲೂಕಿನ ಶಾಸನಗಳ ಪಠ್ಯವನ್ನು ಸರಳ ಕನ್ನಡದ ಸಾರಾಂಶದೊಂದಿಗೆ ಗೋಡೆಯ ಮೇಲೆ ಹಾಕಿ, ಪ್ರತಿಯೊಂದೂ ಇಂದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಶಾಲಾ ಮಕ್ಕಳಿಂದ ಹುಡುಕಿಸಿ. ಆದರೆ ಹೊಲದಲ್ಲಿ ಬಿದ್ದಿರುವ ವೀರಗಲ್ಲನ್ನು ಉತ್ಸಾಹದಿಂದ ಕೇಂದ್ರಕ್ಕೆ ಹೊತ್ತು ತರಬೇಡಿ. ಆ ಕಲ್ಲಿನ ಅರ್ಥದಲ್ಲಿ ಅದು ನಿಂತ ಜಾಗದ ಪಾಲೂ ಇದೆ, ಜೊತೆಗೆ ನೂರು ವರ್ಷ ದಾಟಿದ ಶಿಲ್ಪಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಪಡಿಯಚ್ಚು ಮತ್ತು ಚಿತ್ರ ಸಾಕು.

ಮನೆಮನೆಗಳಲ್ಲಿರುವ ಚಿತ್ರಗಳು, ಲೆಕ್ಕದ ಪುಸ್ತಕಗಳು, ಮದುವೆಯ ಕರೆಯೋಲೆಗಳು, ನಾಟಕದ ಕರಪತ್ರಗಳು ಇವೇ ನಿಮ್ಮ ನಿಜವಾದ ಸಂಪತ್ತು. ಅಮೃತಸರದ ಹಳೆಯ ಟೌನ್‌ಹಾಲಿನಲ್ಲಿ 2017ರಲ್ಲಿ ತೆರೆದ ದೇಶವಿಭಜನೆಯ ಸಂಗ್ರಹಾಲಯ ಹೆಚ್ಚಾಗಿ ಕುಟುಂಬಗಳು ಕೊಟ್ಟ ವಸ್ತುಗಳಿಂದಲೇ ರೂಪುಗೊಂಡಿದೆ. ಅಲ್ಲಿ ಜನ ಹೆಚ್ಚು ಹೊತ್ತು ನಿಂತು ನೋಡುವ ವಸ್ತುಗಳಲ್ಲಿ ಪಂಜಾಬಿನ ಫುಲ್ಕಾರಿ ಕಸೂತಿಯ ಒಂದು ಮೇಲಂಗಿ, ಒಂದು ಚರ್ಮದ ಕೈಪೆಟ್ಟಿಗೆ ಸೇರಿವೆ. ಮದುವೆ ನಿಶ್ಚಯವಾಗಿದ್ದ ಇಬ್ಬರು ವಿಭಜನೆಯಲ್ಲಿ ಅಗಲಿ, ನಿರಾಶ್ರಿತರ ಶಿಬಿರದಲ್ಲಿ ಮತ್ತೆ ಭೇಟಿಯಾದ ಕಥೆ ಅವುಗಳದು. ಊರಿನವರ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಮೂಲವನ್ನು ಅವರ ಕಣ್ಣೆದುರೇ ಹಿಂದಿರುಗಿಸಿ. ಹೀಗೆ ಮಾಡಿದರೆ ಮಾತ್ರ ಎರಡನೆಯವರು ನಂಬಿ ತರುತ್ತಾರೆ. ಚಿತ್ರದಲ್ಲಿರುವವರ ಹೆಸರು, ಸ್ಥಳ, ಸಂದರ್ಭ ಎಲ್ಲವನ್ನೂ ಅವರು ಎದುರಿಗಿರುವಾಗಲೇ ಬರೆದುಕೊಳ್ಳಿ. ಮೂಲವನ್ನೇ ದಾನವಾಗಿ ಕೊಟ್ಟರೆ ದಾನಪತ್ರಕ್ಕೆ ಸಹಿ ಪಡೆಯಿರಿ. ಕಾಗದ, ಬಟ್ಟೆ, ಚಿತ್ರಗಳನ್ನು ಪ್ರದರ್ಶಿಸುವಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಿರಲಿ, ನೇರ ಬಿಸಿಲು ಬೀಳದಿರಲಿ.

ಒಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. ನಿಮ್ಮ ಸಮಿತಿಯಲ್ಲಿ ಶಿಕ್ಷಕರು ಮತ್ತು ವರ್ತಕರು ಇದ್ದಾರೆಂದು ಬರೆದಿದ್ದೀರಿ. ಪೌರಕಾರ್ಮಿಕರ ಮನೆತನದವರು, ನೇಕಾರರು, ಬೀಡಿ ಕಟ್ಟುವವರು, ಸಂತೆಯಲ್ಲಿ ಕೂರುವ ಹೆಂಗಸರು, ಮಸೀದಿ ಬೀದಿಯ ಹಿರಿಯರು ಇದ್ದಾರೆಯೇ? ಪುರಸಭೆಯ ನಡವಳಿ ಪುಸ್ತಕದಲ್ಲಿ ಅಧ್ಯಕ್ಷರ ಹೆಸರು ಸಿಗುತ್ತದೆ, ಊರನ್ನು ಪ್ರತಿದಿನ ಗುಡಿಸಿದವರ ಹೆಸರು ಸಂಬಳದ ಪಟ್ಟಿಯಲ್ಲಿ ಸಿಕ್ಕರೆ ಅದೇ ಹೆಚ್ಚು. ದಾಖಲೆ ಇಲ್ಲದವರ ಇತಿಹಾಸವನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಬೇಕು, ಅದೂ ಬೇಗ, ಹಿರಿಯರು ಇರುವಾಗಲೇ. ಕಟ್ಟಡದ ಬೀಗ ತೆಗೆಯುವುದಕ್ಕೆ ಕಾಯದೆ ಈ ಕೆಲಸವನ್ನು ಇಂದೇ ಆರಂಭಿಸಬಹುದು. ಧ್ವನಿಮುದ್ರಣಕ್ಕೂ ಅದನ್ನು ಇತರರಿಗೆ ಕೇಳಿಸುವುದಕ್ಕೂ ಪ್ರತ್ಯೇಕವಾಗಿ ಒಪ್ಪಿಗೆ ಪಡೆಯಿರಿ.

ಒಡೆತನ ಮತ್ತು ಹಣದ ವಿಷಯಕ್ಕೆ ಮುಂಬೈನ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯದ ವ್ಯವಸ್ಥೆಯನ್ನು ಗಮನಿಸಿ. 1872ರಲ್ಲಿ ತೆರೆದ ಆ ಸಂಗ್ರಹಾಲಯ ತೀರ ಹದಗೆಟ್ಟಿದ್ದಾಗ, 2003ರಲ್ಲಿ ಮುಂಬೈ ಮಹಾನಗರಪಾಲಿಕೆ, ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಮತ್ತು ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಮೂರೂ ಸೇರಿ ಒಪ್ಪಂದ ಮಾಡಿಕೊಂಡವು. 2008ರಲ್ಲಿ ಅದು ಹೊಸ ಕಳೆಯೊಂದಿಗೆ ಮತ್ತೆ ತೆರೆಯಿತು. ಒಡೆತನ ಪಾಲಿಕೆಯದು, ದಾನಿಯ ಹಣ, ಪರಿಣತರ ಕೆಲಸ ಎಂಬ ಈ ಹಂಚಿಕೆ ನಿಮ್ಮ ಪುರಸಭೆಗೂ ಹೊಂದುತ್ತದೆ. ಕಟ್ಟಡ ಪುರಸಭೆಯ ಸ್ವತ್ತಾಗಿಯೇ ಉಳಿಯಲಿ. ನೀವು ಟ್ರಸ್ಟ್ ನೋಂದಾಯಿಸಿ, ನಿರ್ವಹಣೆಯನ್ನು ದೀರ್ಘಾವಧಿಯ ಕರಾರಿನಲ್ಲಿ ಪಡೆಯಿರಿ, ಅದಕ್ಕೆ ಸರ್ಕಾರದ ಅನುಮೋದನೆಯನ್ನೂ ಮೊದಲೇ ಪಡೆದುಕೊಳ್ಳಿ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರವೂ ಸೇರಿರುವುದರಿಂದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಕೇಳಬಹುದು. ಆದರೆ ಅಂಥ ಹಣ ದುರಸ್ತಿಗೆ ಸಿಗುವಷ್ಟು ಸುಲಭವಾಗಿ ಸಿಬ್ಬಂದಿಯ ಸಂಬಳಕ್ಕೆ ಸಿಗದು. ಆ ಸಂಬಳಕ್ಕೆ ಪ್ರತಿವರ್ಷದ ಪುರಸಭಾ ಆಯವ್ಯಯದಲ್ಲಿ ಒಂದು ಸಾಲು ಬೇಕೇ ಬೇಕು.

ವಾಣಿಜ್ಯ ಸಂಕೀರ್ಣದಿಂದ ಬಾಡಿಗೆ ಬರುತ್ತದೆಂಬ ವಾದವನ್ನು ತಳ್ಳಿಹಾಕದೆ ಅದಕ್ಕೆ ಉತ್ತರ ಕೊಡಿ. ಜಗಲಿಗೆ ಹೊಂದಿಕೊಂಡ ಒಂದೆರಡು ಕೋಣೆಗಳನ್ನು ಪುಸ್ತಕದಂಗಡಿಗೆ, ಕೈಮಗ್ಗದ ಮಳಿಗೆಗೆ, ಕಾಫಿ ಕೊಡುವವರಿಗೆ ಬಾಡಿಗೆಗೆ ಕೊಡಬಹುದು. ಅಡುಗೆಯ ಒಲೆ ಮಾತ್ರ ಕಟ್ಟಡದ ಒಳಗೆ ಬೇಡ. ಪೇಟೆಯ ಕಟ್ಟಡದಲ್ಲಿ ವ್ಯಾಪಾರ ನಡೆಯುವುದು ಅದರ ಸ್ವಭಾವಕ್ಕೆ ವಿರುದ್ಧವಲ್ಲ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಜನ ಸುಳಿದಾಡುವ ಜಾಗದಲ್ಲಿ ಕಳ್ಳತನವೂ ಕಸವೂ ಕಡಿಮೆ. ಸರ್ಕಾರಿ ಕಚೇರಿಯಾಗಿದ್ದ ಕಟ್ಟಡ ಸಂಗ್ರಹಾಲಯವಾದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ ಎಂಬುದನ್ನೂ ಸದಸ್ಯರಿಗೆ ತಿಳಿಸಿ: ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ ಸನ್ನಿಸೈಡ್ ಪ್ರಾದೇಶಿಕ ಸಾರಿಗೆ ಕಚೇರಿಯಾಗಿತ್ತು, 2021ರ ಫೆಬ್ರುವರಿಯಲ್ಲಿ ಅದನ್ನು ರಾಷ್ಟ್ರಪತಿಯವರು ಸಂಗ್ರಹಾಲಯವಾಗಿ ಉದ್ಘಾಟಿಸಿದರು.

ಕಾನೂನಿನ ರಕ್ಷಣೆಯ ಬಗ್ಗೆ ಭ್ರಮೆ ಬೇಡ. ರಾಜ್ಯದ 1961ರ ಪುರಾತತ್ವ ಕಾಯ್ದೆಯ ರಕ್ಷಣೆ ಘೋಷಿತ ಸ್ಮಾರಕಗಳಿಗೆ ಮಾತ್ರ. ನಿಮ್ಮ ಕಟ್ಟಡ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ಉಳಿಸುವ ಅಥವಾ ಒಡೆಯುವ ನಿರ್ಧಾರ ಸದ್ಯಕ್ಕೆ ಪುರಸಭೆಯ ಕೈಯಲ್ಲಿದೆ. ಆದುದರಿಂದ ಮುಂದಿನ ಸಾಮಾನ್ಯ ಸಭೆಗೆ ಕೊಡುವ ಮನವಿಯಲ್ಲಿ ಇಡೀ ಇತಿಹಾಸ ಕೇಂದ್ರದ ಕನಸನ್ನು ಮುಂದಿಡುವ ಬದಲು ಮೂರನ್ನೇ ಕೇಳಿ: ಕಟ್ಟಡದ ಸ್ಥಿತಿಯ ಬಗ್ಗೆ ಪರಿಣತರ ವರದಿ ಬರುವವರೆಗೆ ಒಡೆಯುವ ಪ್ರಸ್ತಾವವನ್ನು ತಡೆಹಿಡಿಯುವ ಠರಾವು, ಮಳೆಗಾಲದ ಮೊದಲು ಚಾವಣಿಯ ನೀರಿನ ದಾರಿ ಬಿಡಿಸಲು ಅನುಮತಿ, ಒಳಗಿರುವ ಕಡತಗಳ ಪಟ್ಟಿ ಮಾಡಲು ಅನುಮತಿ. ಮೂರಕ್ಕೂ ಪುರಸಭೆ ಮಾಡಬೇಕಾದ ಖರ್ಚು ಅಲ್ಪ, ಆದ್ದರಿಂದ ಯಾವ ಪಕ್ಷದ ಸದಸ್ಯರಿಗೂ ವಿರೋಧಿಸಲು ಕಾರಣ ಸಿಗದು. ಮನವಿಯ ಜೊತೆಗೆ ಒಳಗಿನ ಮತ್ತು ಹೊರಗಿನ ಚಿತ್ರಗಳನ್ನು ದಿನಾಂಕ ಸಹಿತ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.